ನಾಲ್ಕನೇ ಸೀಟಿನ ಹೈಡ್ರೋಜನ್

ಕಳೆದ ವರ್ಷ, ಮಗಳು ಸಹನಾಳ ಹತ್ತನೇ ತರಗತಿಯ ವಿಜ್ಞಾನ ಪರೀಕ್ಷೆಯ ದಿನ. ನಮ್ಮ ಯಜಮಾನರು ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ. ಅವಳನ್ನು ಪರೀಕ್ಷೆಗೆ ಕರೆದೊಯ್ಯುವುದು ಯಾವಾಗಲೂ ಅವರ ಕೆಲಸ. ಅಂದು ಲೋಕಲ್ ರೈಲಿನಲ್ಲಿ ಮುಲುಂಡಿನಿಂದ ಘಾಟ್‌ಕೋಪರಿಗೆ ನಾನು ಹೊರಟೆ.

ಲೇಡೀಸ್ ಡಬ್ಬಿಯಲ್ಲಿ ಹೇಗೋ ಇಬ್ಬರಿಗೂ ಸೀಟು ಸಿಕ್ಕಿತು. ಆದರೆ ನನಗೆ ಸುಮ್ಮನೆ ಕೂರಲಾಗಲಿಲ್ಲ. ಹಾಲ್ ಟಿಕೆಟ್ ಇದೆಯೇ ಎಂದು ಚೀಲ ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು. ನಾಹೂರ್ ದಾಟುವಾಗ ಸಹನಾ ನನ್ನ ಮೊಣಕೈ ಹಿಡಿದಳು.

“ಮಮ್ಮಿ, ಪೀರಿಯಾಡಿಕ್ ಟೇಬಲ್ ಯಾದ್ ಬರವಲ್ದು. ಪಪ್ಪಾ ಹೇಳಿದ್ದೆಲ್ಲಾ ಮರ್ತ ಹೊಂಟೇನಿ.”

ಆ ಗಾಬರಿ ಮಾರ್ಕಿಗಾಗಿ ಅಲ್ಲ ಎಂದು ನನಗೆ ತಿಳಿಯಿತು.

ಅವರು ಕಲಿಸುವಾಗ ನಾನು ರೊಟ್ಟಿ ಬಡಿಯುತ್ತ ಕೇಳಿಸಿಕೊಂಡಿದ್ದೆ. ಇಡೀ ಕೋಷ್ಟಕವನ್ನೇ ಲೋಕಲ್ ಡಬ್ಬಿ ಮಾಡಿಬಿಟ್ಟಿದ್ದರು. ಅದನ್ನೇ ಅವಳಿಗೆ ಹೇಳತೊಡಗಿದೆ.

“ಗಾಬರಿ ಆಗಬ್ಯಾಡ ನಮ್ಮವ್ವ. ಎಡಕ್ಕ, ನಡುವ, ಎಲ್ಲಾ ಲೋಹಗಳ ಗರ್ದಿ. ಬಲಕ್ಕ ಮ್ಯಾಲಿನ ಮೂಲ್ಯಾಗ ಅಲೋಹ, ಸ್ವಲ್ಪ ಮಂದಿ. ಎರಡರ ನಡುವ ಸ್ಟೇಶನ್ ಬ್ರಿಡ್ಜಿನ ಮೆಟ್ಲದಂಥಾ ಗೆರಿ. ಅದರ ಮ್ಯಾಲ ನಿಂತಾವ್ರು ಲೋಹಾಭ. ಆ ಕಡೆದವರೂ ಹೌದು, ಈ ಕಡೆದವರೂ ಹೌದು.”

“ಲೋಹ ಅಂದ್ರ ಮೆಟಲ್, ಅಲಾ?”

“ಹೂಂ. ಬಲಕ್ಕ ಕಡೀಕ, ಕಿಡಕಿ ಸೀಟಿನ್ಯಾಗ, ಯಾರ ಕೂಡಾನೂ ಮಾತಾಡಲಾರದ ಗ್ಯಾಸ್‌ಗೋಳು.”

“ಮತ್ತ ಹೈಡ್ರೋಜನ್? ಅದು ನಾನ್‌ಮೆಟಲ್. ಆದ್ರ ಎಡಕ್ಕ ಮೆಟಲ್‌ಗಳ ತಲಿ ಮ್ಯಾಲ ಕುಂತೈತಿ. ಅದಕ್ಕ ಪಪ್ಪಾ ಏನೋ ಅಂತಿದ್ರು.”

ನನಗೆ ನೆನಪಾಗಲಿಲ್ಲ. ರೊಟ್ಟಿಯ ಸದ್ದಿನಲ್ಲಿ ಆ ಒಂದು ಮಾತು ತಪ್ಪಿಹೋಗಿತ್ತು. ಇನ್ನು ಯಾರನ್ನು ಕೇಳುವುದು? ಮತ್ತೆ ಚೀಲ ತೆರೆದೆ.

ಕಾಂಜೂರ್‌ಮಾರ್ಗದಲ್ಲಿ ಗಿಡ್ಡನೆಯ ಹೆಂಗಸೊಬ್ಬಳು ಹತ್ತಿ, ಮೂವರು ಕೂತಿದ್ದ ನಮ್ಮ ಬೆಂಚಿಗೆ ಬಂದು ನನ್ನ ಭುಜ ತಟ್ಟಿದಳು. “ಥೋಡಾ ಸರಕೋ ನಾ, ಚೌಥಿ ಸೀಟ್!” ಮೂವರ ಬೆಂಚಿನಲ್ಲಿ ಸರಿದು ನಾಲ್ಕನೆಯವರಿಗೂ ಜಾಗ ಕೊಡುವುದು ಲೋಕಲ್‌ನ ರೂಢಿ.

ಕಿಟಕಿಯ ಬಳಿಯವಳು ಹೊರಗಿನ ಹಳಿಯತ್ತ ಕೈ ತೋರಿಸಿ, “ಕಿಧರ್ ಸರಕೂ? ಪಟರಿ ಪೇ?” ಎಂದಳು. ಆದರೂ ಸರಿದಳು. ನಾವೂ ಸರಿದೆವು. ಗಿಡ್ಡನೆಯವಳು ಅಂಚಿನಲ್ಲಿ ಅರ್ಧ ಕೂತು, ಅರ್ಧ ಕಾಲ ಮೇಲೆ ನಿಂತಳು.

ಸಹನಾ ಒಮ್ಮೆಲೇ ಚಪ್ಪಾಳೆ ಹೊಡೆದಳು. “ಮಮ್ಮಿ, ಫೋರ್ಥ್ ಸೀಟ್! ‘ಹೈಡ್ರೋಜನ್ ಅಂದ್ರ ಚೌಥಿ ಸೀಟ್, ಇವರ ಪೈಕಿ ಅಲ್ಲ, ಆದ್ರ ಸರಕೋ ಅಂದು ಇವರ ಬೆಂಚಿನ್ಯಾಗ ಕುಂತದ’ ಅಂತಿದ್ರು!” ಥೇಟ್ ಅವರದೇ ಧಾಟಿಯಲ್ಲಿ ಹೇಳಿದಳು. ಅವರು ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ನಾನು ಅಳುತ್ತಿದ್ದೆ. ಏನೂ ತಿಳಿಯದ ಆ ಹೆಂಗಸು ಗಾಬರಿಯಾಗಿ ಏಳಲು ಹೋದಳು. ಕೈ ಹಿಡಿದು ಕೂರಿಸಿಕೊಂಡೆ.

ಈಗಲೂ ಯಾರಾದರೂ “ಸರಕೋ” ಎಂದರೆ ತಕ್ಷಣ ಸರಿಯುತ್ತೇನೆ. ಕೆಲವೊಮ್ಮೆ ಬೆಂಚು ಪೂರ್ತಿ ಖಾಲಿ ಇರುತ್ತದೆ, ಕೇಳುವವರು ಯಾರೂ ಇರುವುದಿಲ್ಲ. ಆಗಲೂ ಸ್ವಲ್ಪ ಸರಿದೇ ಕೂರುತ್ತೇನೆ.