ಹನ್ನೆರಡು ಗುಂಟೆ

ದುಬಲಗುಂಡಿಯ ತುಳಜಾಬಾಯಿ ಕುರಿ ಕಾಯುತ್ತಲೇ ಐವತ್ತೈದು ವರ್ಷ ಕಳೆದವಳು. ಗಂಡ ತೀರಿಕೊಂಡ ಮೇಲೆ ಮೈದುನ ಓಂಪ್ರಕಾಶ, ಐದು ಎಕರೆ ಹೊಲವನ್ನು ಸರಿಯಾಗಿ ಎರಡು ಪಾಲು ಮಾಡೋಣ ಎಂದಾಗ ಒಪ್ಪಿದ್ದಳು. ಒಬ್ಬೊಬ್ಬರಿಗೆ ಎರಡು ಎಕರೆ ಇಪ್ಪತ್ತು ಗುಂಟೆ. ಹುಮನಾಬಾದಿನಲ್ಲಿ ಒಬ್ಬೊಬ್ಬರ ಪಾಲಿಗೂ ಬೇರೆ ಬೇರೆ ಕಾಗದ ಟೈಪು ಮಾಡಿಸಿ, ತನ್ನದಕ್ಕೆ ಇವಳು ಹೆಬ್ಬೆಟ್ಟೊತ್ತಿದಳು, ತನ್ನದಕ್ಕೆ ಅವನು ಸಹಿ ಹಾಕಿದ.

ಎಂಟು ತಿಂಗಳಾದ ಮೇಲೆ ಮೋಜಣಿಯ ನೋಟಿಸು ಬಂತು. ಹೊಲ ಅಳೆಯಲು ಅರ್ಜಿ ಕೊಟ್ಟವನು ಓಂಪ್ರಕಾಶ. ಯಾಕೆಂದು ಹೇಳಿರಲಿಲ್ಲ. ಬಸವಕಲ್ಯಾಣದಲ್ಲಿ ಕಾಲೇಜು ಓದುವ ಮಗಳು ಮನಿಷಾ ರಜೆಗೆ ಬಂದಿದ್ದಳು. ತುಳಜಾಬಾಯಿ ತನ್ನ ಪಾಲಿನ ಕಾಗದವನ್ನು ಅವಳ ಕೈಗಿಟ್ಟಳು.

"ಅವ್ವಾ, ಇದರಾಗ ಎರಡು ಪಾಯಿಂಟ್ ಎರಡು ಸೊನ್ನಿ ಎಕರೆ ಅಂತ ಅದ."

"ಹೌದಲ್ಲ, ಇಪ್ಪತ್ತು ಗುಂಟಿ."

"ಅಲ್ಲವ್ವಾ. ಎಕರೆಕ್ಕ ನಲವತ್ತು ಗುಂಟಿ. ಪಾಯಿಂಟ್ ಇಪ್ಪತ್ತು ಅಂದ್ರ ಎಂಟೇ ಗುಂಟಿ ಆಗ್ತದ."

ಹನ್ನೆರಡು ಗುಂಟೆ ಕಡಿಮೆ. ಮರುದಿನ ತುಳಜಾಬಾಯಿ ಮೂವತ್ತಮೂರು ಫೂಟಿನ ಹಗ್ಗ ಹಿಡಿದು ಹೊಲಕ್ಕೆ ಹೋದಳು. ಆ ಹಗ್ಗದ ಒಂದು ಚೌಕ ಒಂದು ಗುಂಟೆ ಎಂದು ಗಂಡ ಹೇಳಿಕೊಟ್ಟಿದ್ದ. ಮೈದುನನ ಬದುವಿನಿಂದ ತನ್ನ ಪಾಲಿನೊಳಕ್ಕೆ ಹನ್ನೆರಡು ಚೌಕ ಅಳೆದಳು. ಅವಳ ಕುರಿದೊಡ್ಡಿ ಪೂರ್ತಿ ಅದರೊಳಗೆ ಬಿತ್ತು.

ಮೈದುನ ಬೇಕೆಂತಲೇ ಹೀಗೆ ಬರೆಸಿರಬಹುದೇ? ಕೇಳಿದರೆ ಸಂಬಂಧ ಹರಿಯುತ್ತದೆ, ಕೇಳದಿದ್ದರೆ ಹೊಲ ಹೋಗುತ್ತದೆ. ಇಪ್ಪತ್ತು ದಿನ ಅವನ ಮನೆಯ ಕಡೆ ಹೋಗಲಿಲ್ಲ. ಓಂಪ್ರಕಾಶ ಎದುರಾದರೆ ಅವನೂ ದಾರಿ ಬದಲಿಸುತ್ತಿದ್ದ. ಅದನ್ನು ಕಂಡು ಅನುಮಾನ ಮತ್ತಷ್ಟು ಗಟ್ಟಿಯಾಯಿತು.

ಅಳತೆಯ ದಿನ ಸರ್ವೇಯರ್ ಸಮ್ರೀನ ಮೇಡಂ ಇಬ್ಬರ ಕಾಗದಗಳನ್ನೂ ಕೇಳಿ ಪಡೆದು, ದೊಡ್ಡಿಯ ಕಲ್ಲಿನ ಮೇಲೆ ಪಕ್ಕಪಕ್ಕ ಹರವಿದರು.

"ಇಬ್ಬರದೂ ಎರಡು ಪಾಯಿಂಟ್ ಇಪ್ಪತ್ತೇ ಅದರಿ," ಎಂದರು ಅವರು. "ಹೊಲ ಐದು ಎಕರೆ. ಹಂಗಾದ್ರ ಉಳಿದ ಇಪ್ಪತ್ನಾಲ್ಕು ಗುಂಟಿ ಯಾರದು?"

ಓಂಪ್ರಕಾಶ ನೆಲ ನೋಡುತ್ತಿದ್ದ.

"ನನ್ನ ಕಾಗದದಾಗ ಕಮ್ಮಿ ಕಂಡಿತ್ತು, ವೈನಿ," ಎಂದ ಕೊನೆಗೆ ಅತ್ತಿಗೆಯ ಕಡೆ ತಿರುಗಿ. "ನಿಮ್ಮ ಕಡೆ ಹೆಚ್ಚು ಬರ್ಸಕೊಂಡೀರಿ ಅಂತ ತಿಳಿದು ಅರ್ಜಿ ಕೊಟ್ಟೆ."

"ನಾನೂ ನಿನ್ನ ಮ್ಯಾಲೆ ಅದನ್ನೇ ತಿಳ್ಕೊಂಡಿದ್ದೆ," ಎಂದಳು ತುಳಜಾಬಾಯಿ.

ಟೈಪು ಮಾಡಿದವನು ಎರಡೂ ಕಾಗದದಲ್ಲಿ, ಎಕರೆಗೂ ಗುಂಟೆಗೂ ನಡುವೆ ಅಡ್ಡಗೆರೆ ಎಳೆದು 2-20 ಎಂದು ಬರೆಯುವಲ್ಲಿ ಚುಕ್ಕೆ ಹಾಕಿದ್ದ, ಅಷ್ಟೇ. ಇಬ್ಬರೂ ಒಟ್ಟಿಗೆ ಹುಮನಾಬಾದಿಗೆ ಹೋಗಿ ತಿದ್ದುಪಡಿಗೆ ಕೊಟ್ಟರು. ಹೊಸ ಕಾಗದ ಬರಲು ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳೂ ಅವಳಿಗೆ ನೆಮ್ಮದಿಯಿರಲಿಲ್ಲ. ಬಂದ ದಿನ ಮನಿಷಾಳಿಗೆ ಫೋನು ಹಚ್ಚಿ, ಅಂಚೆಯವನ ಕೈಲಿ ಕಾಗದ ಓದಿಸಿ ಕೇಳಿಸಿದಳು. ಎರಡು ಎಕರೆ ಇಪ್ಪತ್ತು ಗುಂಟೆ, ಅಕ್ಷರದಲ್ಲೂ ಇತ್ತು.

ಹೊಲ ಉಳಿಯಿತು. ಮೈದುನ ಮನೆಗೆ ಬರುತ್ತಾನೆ, ಊಟಕ್ಕೂ ಕೂರುತ್ತಾನೆ. ಆದರೆ ಒಬ್ಬರ ಬಗ್ಗೆ ಒಬ್ಬರು ಏನು ಯೋಚಿಸಿದ್ದೆವು ಎಂಬುದು ಇಬ್ಬರಿಗೂ ಗೊತ್ತಾಗಿಬಿಟ್ಟಿದೆ. ಅವನಿಗೆ ರೊಟ್ಟಿ ಬಡಿಸುವಾಗ ತುಳಜಾಬಾಯಿ ಇನ್ನೂ ಮುಖ ಎತ್ತುವುದಿಲ್ಲ.