ಹಲಸೂರಿನ ಫಿಸಿಯೋ ಮೇಡಂ

ಅವರ ಅಂಗೈ ಯಾವಾಗಲೂ ತಣ್ಣಗಿರುತ್ತಿತ್ತು. ನನ್ನ ಸೊಂಟ ಮುಟ್ಟುವ ಮೊದಲು ಎರಡೂ ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಹಲಸೂರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುತ್ತಿದ್ದ ಅವರು ಎಲ್ಲರಿಗೂ ಫಿಸಿಯೋ ಮೇಡಂ.

ಮಗಳು ಹುಟ್ಟಿ ಮೂರು ತಿಂಗಳಾಗಿತ್ತು. ಬಗ್ಗಿ ಅವಳನ್ನು ಎತ್ತಿಕೊಂಡರೆ ಮತ್ತೆ ನೆಟ್ಟಗೆ ನಿಲ್ಲಲು ಗೋಡೆ ಹಿಡಿಯಬೇಕಿತ್ತು. ‘ನಾನೂ ಮೂರು ಹೆತ್ತೆ. ಯಾವ ವ್ಯಾಯಾಮ ಮಾಡ್ದೆ?’ ಎನ್ನುತ್ತಲೇ ಅತ್ತೆ ಪ್ರತಿ ಸಲ ನನ್ನ ಜೊತೆ ಬರುತ್ತಿದ್ದರು.

ಮೇಡಂಗೆ ಅವಸರವೇ ಇರಲಿಲ್ಲ. ಮಂಡಿ ಮಡಚಿ ಅಂಗಾತ ಮಲಗಿಸಿ, ‘ಉಸಿರು ಬಿಡ್ತಾ ಹೊಟ್ಟೆ ಒಳಗೆ ಎಳ್ಕೊಳ್ಳಿ. ಇವತ್ತು ಐದೇ ಸಲ, ಹತ್ತು ಬೇಡ’ ಎನ್ನುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಮಾಡಿದರೆ ಬೈಗುಳ. ‘ಸಹಿಸ್ಕೊಳ್ಳೋದು ಕಲಿಸೋಕೆ ನಾನಿಲ್ಲಿ ಕೂತಿಲ್ಲ. ನೋವಾದ್ರೆ ಹೇಳಿ.’ ಮದುವೆಯಾಗಿ ಬಂದಮೇಲೆ ನನಗೆ ಹಾಗೆ ಹೇಳಿದವರು ಅವರೊಬ್ಬರೇ.

ಐದನೇ ವಾರ ನೋವು ಮತ್ತೆ ಹೆಚ್ಚಿತು. ಮನೆಯಲ್ಲಿ ಏನೇನು ಎತ್ತುತ್ತೀರಿ ಎಂದು ಕೇಳಿದರು. ಸ್ನಾನದ ಬಕೆಟ್, ಕುಡಿಯುವ ನೀರಿನ ಕ್ಯಾನ್ ಎಲ್ಲ ನಾನೇ ಎಂದೆ. ಅವರು ಅತ್ತೆಯ ಕಡೆ ತಿರುಗಿ, ‘ಅಮ್ಮಾ, ಎರಡು ತಿಂಗಳು ಕ್ಯಾನ್ ನಿಮ್ಮ ಮಗ ಎತ್ತಲಿ. ಇಲ್ಲಾಂದ್ರೆ ನಾನು ಮಾಡ್ಸೋದೆಲ್ಲ ದಂಡ’ ಎಂದರು.

ಅತ್ತೆ ಎದ್ದರು. ನೇರ ಮ್ಯಾನೇಜರ್ ಕೋಣೆಗೆ ಹೋಗಿ, ಆ ಹುಡುಗಿ ತಮ್ಮನ್ನು ಏಕವಚನದಲ್ಲಿ ಬೈದಳು ಎಂದು ದೂರಿದರು.

ಮ್ಯಾನೇಜರ್ ನನ್ನನ್ನು ಕರೆಸಿ, ‘ಹೌದೇನ್ರೀ?’ ಎಂದು ಕೇಳಿದರು. ಫಿಸಿಯೋ ಮೇಡಂ ಬಾಗಿಲ ಬಳಿ ನಿಂತಿದ್ದರು. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಮರಳಿ ಹೋಗಬೇಕಾದದ್ದು ಅವರ ಮನೆಗೇ. ಮಗಳ ಟೋಪಿ ಸರಿಮಾಡುತ್ತ ತಲೆ ತಗ್ಗಿಸಿದೆ. ಮುಂದಿನ ವಾರ ಹೋದಾಗ ಮೇಡಂ ಜಾಗದಲ್ಲಿ ಬೇರೆಯವರಿದ್ದರು.

ಆಮೇಲೆ ನಾನು ಆಸ್ಪತ್ರೆಗೆ ಹೋಗಲಿಲ್ಲ. ಅವರು ಕಲಿಸಿದ್ದನ್ನೇ ಕೋಣೆಯ ಬಾಗಿಲು ಹಾಕಿಕೊಂಡು ದಿನವೂ ಮಾಡಿದೆ. ನಾಲ್ಕು ತಿಂಗಳಲ್ಲಿ ನೋವು ಹೋಯಿತು.

ವರ್ಷ ಕಳೆದ ಮೇಲೆ ಕೆ.ಆರ್. ಪುರದ ಬಸ್ ನಿಲ್ದಾಣದಲ್ಲಿ ಸಿಕ್ಕರು. ಬಹಳ ಇಳಿದುಹೋಗಿದ್ದರು. ‘ಸೊಂಟ ನೋವು ಹೇಗಿದೆ?’ ಎಂಬುದೇ ಮೊದಲ ಮಾತು. ವಾಸಿಯಾಯಿತು ಎಂದೆ. ಕೆಲಸದ ಬಗ್ಗೆ ಕೇಳಿದೆ.

‘ಏಳು ತಿಂಗಳು ಯಾರೂ ಕೊಡ್ಲಿಲ್ಲ. ಈಗ ಒಂದು ಕಡೆ ಹೋಗ್ತಿದ್ದೀನಿ’ ಎಂದರು. ಬಸ್ ಬರುವ ದಿಕ್ಕಿಗೆ ಕಣ್ಣು ಹಾಯಿಸಿ, ‘ನಿಮ್ಮತ್ತೆ ಹೇಳಿದ್ದಕ್ಕೆ ನಂಗೆ ಅಷ್ಟು ಬೇಜಾರಾಗ್ಲಿಲ್ಲ. ನೀವು ಬಾಯೇ ಬಿಡ್ಲಿಲ್ವಲ್ಲ’ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಅಷ್ಟರಲ್ಲಿ ಅವರ ಬಸ್ ಬಂತು. ‘ವ್ಯಾಯಾಮ ಬಿಡ್ಬೇಡಿ’ ಎಂದು ಹತ್ತಿಕೊಂಡರು. ಕ್ಷಮಿಸಿ ಎಂಬ ಒಂದು ಮಾತು ಆಗಲೂ ನನ್ನ ಬಾಯಿಂದ ಬರಲಿಲ್ಲ.