ಹನ್ನೊಂದರಿಂದ ಭಾಗವಾದ ಸಂಖ್ಯೆ

ಕಳೆದ ವಾರ ಪ್ಯಾರೀಸ್ ಕಾರ್ನರ್ ಪೇಟೆಯ ಕಾಗದದ ಅಂಗಡಿಯಲ್ಲಿ ಗಟ್ಟಿರಟ್ಟಿನ ನೋಟುಪುಸ್ತಕವೊಂದನ್ನು ತೆರೆದಾಗ ಬೈಂಡಿನ ಅಂಟಿನ ವಾಸನೆ ಬಂತು. ಎದುರುಮನೆ ತಾತ ನೆನಪಾದರು.

ಆಗ ನಾನು ಗಣಿತದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ನುಂಗಂಬಾಕ್ಕಂನಲ್ಲಿ ನಮ್ಮ ಎದುರಿನ ಮನೆಯಲ್ಲಿ ಅವರು ಮಗಳ ಜೊತೆ ಇದ್ದರು. ಮೈಸೂರು ಕಡೆಯವರು, ರೈಲ್ವೆಯಿಂದ ನಿವೃತ್ತರಾದವರು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆ ಸೇರಿ ಬಂದ ಮೇಲೆ ಒಂದು ಸಂಜೆ ಮನೆಯ ದಾರಿ ತಪ್ಪಿದ್ದರು. ಇನ್ನು ಒಬ್ಬರನ್ನೇ ಹೊರಗೆ ಬಿಡುವುದಿಲ್ಲವೆಂದು ಮಗಳು ಹಟ ಹಿಡಿದಾಗ, ತಾತ ಒಂದು ಕರಾರು ಮಾಡಿಕೊಂಡರು. ದಿನಕ್ಕೊಂದು ಆರಂಕಿಯ ಸಂಖ್ಯೆಯನ್ನು ಕೈಲೆಕ್ಕದಲ್ಲೇ ಒಡೆಯುವುದು. ಅದು ಯಾವುದರಿಂದ ಭಾಗವಾಗುತ್ತದೆ, ಇಲ್ಲವೇ ಅವಿಭಾಜ್ಯವೇ ಎಂದು ಗಟ್ಟಿರಟ್ಟಿನ ನೋಟುಪುಸ್ತಕವೊಂದರಲ್ಲಿ ಬರೆಯುವುದು. ಉತ್ತರ ಸರಿಯಿದ್ದರೆ ಸಂಜೆ ಒಬ್ಬರೇ ರೈಲ್ವೆ ಸ್ಟೇಷನ್ನಿನವರೆಗೆ ಹೋಗಿಬರಬಹುದು. ಉತ್ತರ ನೋಡುವ ಕೆಲಸ ನನ್ನದು.

"ಸೀಕ್ರಂ, ಬೇಗ ನೋಡಮ್ಮ ಎಗ್ಸಾಮಿನರ್, ನಿನ್ನ ಕಾಫಿ ಆರಿ ಹೋಗತ್ತೆ," ಎನ್ನುತ್ತಿದ್ದರು ತಾತ.

ಹಲವು ತಿಂಗಳು ಒಂದೂ ತಪ್ಪಿರಲಿಲ್ಲ...

ಅವತ್ತು ಅವರಿಗೆ ಜ್ವರ ಬಿಟ್ಟು ಎರಡು ದಿನವಾಗಿತ್ತು. ಸಂಖ್ಯೆಯನ್ನು ತಾವೇ ಆರಿಸಿದ್ದರು: 387497. ಕೆಳಗೆ 'ಅವಿಭಾಜ್ಯ' ಎಂದಿತ್ತು. ಒಂದು ಬಿಟ್ಟು ಒಂದು ಅಂಕಿ ಕೂಡಿದೆ. ಮೂರು, ಏಳು, ಒಂಬತ್ತು: ಹತ್ತೊಂಬತ್ತು. ಎಂಟು, ನಾಲ್ಕು, ಏಳು: ಅದೂ ಹತ್ತೊಂಬತ್ತು. ಎರಡು ಮೊತ್ತವೂ ಒಂದೇ ಆದರೆ ಸಂಖ್ಯೆ ಹನ್ನೊಂದರಿಂದ ಭಾಗವಾಗುತ್ತದೆ. ಆ ಉಪಾಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಅವರು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಮಗಳು ಬಾಗಿಲಿಗೆ ಬಂದು ನಿಂತರು. ತಪ್ಪು ಎಂದರೆ ತಾತನ ಸಂಜೆಯ ತಿರುಗಾಟ ಅಲ್ಲಿಗೆ ಮುಗಿಯುತ್ತಿತ್ತು. ಜ್ವರದ ಸುಸ್ತಿರಬಹುದು, ನಾಳೆ ಸರಿಹೋದೀತು ಎಂದುಕೊಂಡೆ.

"ಸರಿ ಇದೆ ತಾತ."

ತಾತ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಹನ್ನೊಂದಕ್ಕೆ ಹೋಗತ್ತಮ್ಮ ಅದು. ಬೇಕಂತಲೇ ಹಾಗೆ ಬರೆದೆ. ಜ್ವರ ಬಂದಾಗಿಂದ ನೀನು ಬೇಗ ಬೇಗ ಸರಿ ಅಂತಿದ್ದೆ."

ಅವರು ಪುಸ್ತಕದ ಹಿಂದಿನ ಹಾಳೆಗೆ ತಿರುಗಿಸಿದರು. ನಾನು ಸರಿ ಗುರುತು ಹಾಕಿದ ಹಾಳೆ.

"ಹಾಗಾದ್ರೆ ನಿನ್ನೆದು?"

ನಿನ್ನೆಯದು ಸರಿಯಿದೆ, ಎಲ್ಲವೂ ಸರಿಯಿವೆ ಎಂದೆ. ಬೇಕಾದರೆ ಅವರೆದುರೇ ಒಂದೊಂದಾಗಿ ಮಾಡಿ ತೋರಿಸುತ್ತೇನೆ ಎಂದೆ. ನನ್ನ ದನಿ ಯಾಕೋ ಜೋರಾಗಿತ್ತು. ಬೇಡ ಎನ್ನುವಂತೆ ಕೈಯಾಡಿಸಿ ಅವರು ಮಗಳ ಕಡೆ ತಿರುಗಿದರು. ಇನ್ನು ಮೇಲೆ ಸಂಜೆ ನೀನೂ ಜೊತೆಗೆ ಬಾ ಎಂದರು, ಅಷ್ಟೇ. ಪುಸ್ತಕ ಮತ್ತೆ ನನ್ನ ಕೈಗೆ ಬರಲಿಲ್ಲ. ಎದುರಿಗೆ ಸಿಕ್ಕಾಗ ಓದಿನ ಬಗ್ಗೆ ಕೇಳುತ್ತಿದ್ದರು, ಮೊದಲಿನ ಪ್ರೀತಿಯಿಂದಲೇ.

ಅವರು ತೀರಿಹೋಗಿ ಈಗ ಎರಡು ವರ್ಷ. ಎದುರುಮನೆಯಲ್ಲಿ ಬೇರೆಯವರಿದ್ದಾರೆ. ಅಂಗಡಿಯಿಂದ ನಾನು ಏನೂ ಕೊಳ್ಳದೆ ಬಂದೆ. ಆ ಒಂದು ದಿನ ಬಿಟ್ಟರೆ ನಾನು ಅವರಿಗೆ ಸುಳ್ಳು ಹೇಳಿರಲಿಲ್ಲ. ಅವರ ಬುದ್ಧಿ ನಾನು ನೋಡಿದ ಕೊನೆಯ ಲೆಕ್ಕದವರೆಗೂ ಚುರುಕಾಗಿತ್ತು. ಅದನ್ನು ಖಚಿತವಾಗಿ ತಿಳಿದಿದ್ದವಳು ನಾನೊಬ್ಬಳೇ... ಅವರು ಮಾತ್ರ ಕೊನೆಯವರೆಗೂ ತಮ್ಮ ಬುದ್ಧಿಯ ಬಗ್ಗೆ ಅನುಮಾನದಲ್ಲೇ ಉಳಿದರು.